ಮೊದಲ ಪೀಳಿಗೆಯ ಪೋಕೆಮಾನ್: ಬಲಾಬಲದ ಪಟ್ಟಿ ಕಟ್ಟಿದ ಬಗೆ

ಕಂಬಳದ ಕರೆಯ ಬದಿಯಲ್ಲಿ ನಿಂತು “ಎಲ್ಲಕ್ಕಿಂತ ಬಲವಾದ ಕೋಣ ಯಾವುದು?” ಎಂದು ಕೇಳಿದರೆ ತಿಳಿದವರು “ಯಾವ ವಿಭಾಗದಲ್ಲಿ?” ಎಂದು ತಿರುಗಿ ಕೇಳುತ್ತಾರೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ಓಟದ ಸಮಯ ಮುಖ್ಯ. ಕನೆಹಲಗೆಯಲ್ಲಿ ನೀರು ಚಿಮ್ಮಿ ಮೇಲಿನ ನಿಶಾನೆಯನ್ನು ಮುಟ್ಟಿತೇ ಎಂದು ನೋಡುತ್ತಾರೆ. ಪೋಕೆಮಾನ್ ಎಂಬ ವಿಡಿಯೋ ಗೇಮ್‌ನಲ್ಲಿ ಕಾದಾಡುವ ಜೀವಿಗಳನ್ನು ಬಲದ ಪ್ರಕಾರ ಜೋಡಿಸುವ ಪಟ್ಟಿಗಳಲ್ಲಿ ಹೆಚ್ಚಿನವು ಕೆಡುವುದು ಈ ಪ್ರಶ್ನೆಯನ್ನು ಕೇಳದೆ ಇದ್ದದ್ದರಿಂದಲೇ. ಹಾಗಾಗಿ ಮಂಗಳೂರಿನಲ್ಲಿ ಭಾನುವಾರ ಸೇರುವ ನಮ್ಮ ಆರು ಜನರ ಗುಂಪು ಪಟ್ಟಿಗೆ ಕೈಹಾಕಿದಾಗ ಮೊದಲು ನಿಯಮವನ್ನು ಕಟ್ಟಿಟ್ಟೆವು.

ನಾವು ಆರಿಸಿದ್ದು ಮೊದಲ ಪೀಳಿಗೆ, ಅಂದರೆ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾದ ಆಟದ 151 ಜೀವಿಗಳು. ಆಡುವ ಜಾಗ ಪೋಕೆಮಾನ್ ಶೋಡೌನ್. ಅದು ಬ್ರೌಸರಿನಲ್ಲೇ ಓಡುತ್ತದೆ, ದುಡ್ಡು ಕೊಡಬೇಕಾಗಿಲ್ಲ. ತಂಡಕ್ಕೆ ಆರು ಜೀವಿ, ಕಣದಲ್ಲಿ ಒಂದರೆದುರು ಒಂದು, ಎಲ್ಲವೂ 100ನೇ ಲೆವೆಲ್. ಮ್ಯೂಟೂ ಮತ್ತು ಮ್ಯೂ ಎಂಬ ಎರಡು ಜೀವಿಗಳು ಹೊರಗೆ. ಎದುರಾಳಿಯ ಒಂದಕ್ಕಿಂತ ಹೆಚ್ಚು ಜೀವಿಗಳನ್ನು ಒಮ್ಮೆಗೆ ನಿದ್ದೆಗೆ ತಳ್ಳುವಂತಿಲ್ಲ. ಏಟು ತಪ್ಪಿಸಿಕೊಳ್ಳುವ ಬಲ ಹೆಚ್ಚಿಸುವ ಮೂವ್‌ಗಳೂ (ಮೂವ್ ಎಂದರೆ ಜೀವಿ ತನ್ನ ಸರದಿಯಲ್ಲಿ ಹಾಕುವ ಪಟ್ಟು) ಒಂದೇ ಏಟಿಗೆ ಮುಗಿಸುವ ಮೂವ್‌ಗಳೂ ನಿಷಿದ್ಧ. ಈ ಪೀಳಿಗೆಯಲ್ಲಿ ಕೈಯಲ್ಲಿ ಹಿಡಿಯುವ ಐಟಂ ಇಲ್ಲ, ಎಬಿಲಿಟಿ (ಜೀವಿಯ ಹುಟ್ಟುಗುಣದ ವಿಶೇಷ ಶಕ್ತಿ) ಇಲ್ಲ. ಹೊಸ ಜೀವಿ ಬಂದು ಲೆಕ್ಕ ಕೆಡಿಸುವ ಭಯವೂ ಇಲ್ಲ. ಪಟ್ಟಿ ಮಾಡಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗರಡಿ ನನಗೆ ಕಂಡಿಲ್ಲ.

ಹೊಸಬರು ಬೇಸ್ ಸ್ಟ್ಯಾಟ್‌ಗಳನ್ನು, ಅಂದರೆ ಆಯಸ್ಸು (ಎಚ್‌ಪಿ), ಹೊಡೆತ (ಅಟ್ಯಾಕ್), ತಡೆ (ಡಿಫೆನ್ಸ್), ವೇಗ (ಸ್ಪೀಡ್), ಸ್ಪೆಷಲ್ ಎಂದು ಪ್ರತಿ ಜೀವಿಗೂ ಆಟ ಕೊಟ್ಟ ಮೂಲ ಅಂಕಿಗಳನ್ನು ಕೂಡಿಸಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತಾರೆ. ಹಾಗೆ ಮಾಡಿದರೆ ಒಟ್ಟು 500 ಇರುವ ಡ್ರ್ಯಾಗನೈಟ್ ಮೇಲೆ, 450ರ ಟಾರೋಸ್ ಕೆಳಗೆ, 415ರ ಚಾನ್ಸಿ ಇನ್ನೂ ಕೆಳಗೆ ಬರುತ್ತವೆ. ಆಟದಲ್ಲಿ ಆಗುವುದು ತದ್ವಿರುದ್ಧ. ಡ್ರ್ಯಾಗನೈಟ್‌ಗೆ ತನ್ನದೇ ಟೈಪ್‌ನ (ಫೈರ್, ಐಸ್, ಡ್ರ್ಯಾಗನ್‌ನಂಥ ಜಾತಿಯ) ಮೂವ್ ಎಂದು ಸಿಗುವುದು ಡ್ರ್ಯಾಗನ್ ರೇಜ್ ಒಂದೇ, ಅದು ಕೊಡುವುದು ಯಾವಾಗಲೂ 40 ಡ್ಯಾಮೇಜ್. ಐಸ್ ಮೂವ್ ಅದಕ್ಕೆ ನಾಲ್ಕು ಪಟ್ಟು ಬೀಳುತ್ತದೆ. ಸ್ಟಾರ್ಮಿ ಎಂಬ ಜೀವಿಯ ಐಸ್ ಮೂವ್ ಬ್ಲಿಝರ್ಡ್ 347ರಿಂದ 408 ತೆಗೆಯುತ್ತದೆ, ಡ್ರ್ಯಾಗನೈಟ್‌ನ ಎಚ್‌ಪಿ 385. ಪ್ರತಿ ಏಟಿನ ಬಲ ಅದೃಷ್ಟದಂತೆ ಏರಿಳಿಯುತ್ತದೆ; ಸಾಧ್ಯವಿರುವ ಅಂಥ 39 ಏರಿಳಿತಗಳಲ್ಲಿ (ರೋಲ್‌ಗಳಲ್ಲಿ) 15ರಲ್ಲಿ, ಕ್ರಿಟಿಕಲ್ (ಅದೃಷ್ಟದಿಂದ ಬೀಳುವ ಹೆಚ್ಚು ಬಲದ ಏಟು) ಇಲ್ಲದೆಯೇ ಒಂದೇ ಏಟಿಗೆ ನೆಲ ಕಚ್ಚುತ್ತದೆ.

ಆದ್ದರಿಂದ ಮೊದಲ ಹಾಳೆಯಲ್ಲಿ ಬೇಸ್ ಸ್ಟ್ಯಾಟ್ ಬದಲು ನಿಜವಾದ ಸ್ಟ್ಯಾಟ್ ಬರೆದುಕೊಂಡೆವು. ಡಿವಿ (ಜೀವಿಗೆ ಹುಟ್ಟಿನಿಂದ ಬಂದ ಹೆಚ್ಚುವರಿ ಬಲ) ಮತ್ತು ಸ್ಟ್ಯಾಟ್ ಅನುಭವ (ಕಾದಾಡಿ ಗಳಿಸಿದ್ದು) ಎರಡೂ ಪೂರ್ತಿ ಇದ್ದರೆ 100ನೇ ಲೆವೆಲ್‌ನಲ್ಲಿ ಲೆಕ್ಕ ಸುಲಭ: ಬೇಸ್ ಅನ್ನು ಎರಡು ಪಟ್ಟು ಮಾಡಿ 98 ಕೂಡಿಸಿ. ಎಚ್‌ಪಿಗೆ ಮಾತ್ರ 203. ಟಾರೋಸ್‌ಗೆ ಎಚ್‌ಪಿ 353, ಅಟ್ಯಾಕ್ 298, ಡಿಫೆನ್ಸ್ 288, ಸ್ಪೀಡ್ 318 ಬರುತ್ತದೆ. ಡ್ಯಾಮೇಜ್ ಲೆಕ್ಕವನ್ನು ಕ್ಯಾಲ್ಕುಲೇಟರ್ ಮಾಡಿಕೊಡುತ್ತದೆ, ಆದರೆ ಅದನ್ನು ಮೊದಲ ಪೀಳಿಗೆಗೆ ಹೊಂದಿಸಿದ್ದೀರಾ ಎಂದು ನೋಡಿಕೊಳ್ಳಿ. ಇಲ್ಲಿ ಸ್ಪೆಷಲ್ (ಬೆಂಕಿ, ನೀರು, ಮಂಜಿನಂಥ ಮೂವ್‌ಗಳ ಬಲ) ಒಂದೇ ಸ್ಟ್ಯಾಟ್, ಹೊಡೆಯಲೂ ಅದೇ, ತಡೆಯಲೂ ಅದೇ. ಘೋಸ್ಟ್ ಮೂವ್ ಸೈಕಿಕ್ ಜೀವಿಗೆ ತಾಗುವುದೇ ಇಲ್ಲ. ಐಸ್ ಮೂವ್ ಫೈರ್ ಜೀವಿಗೆ ಪೂರ್ತಿ ತಾಗುತ್ತದೆ. ಈಗಿನ ಆಟಗಳ ಟೈಪ್ ಚಾರ್ಟ್ ಬಾಯಿಪಾಠ ಇರುವವರು ಇಲ್ಲಿ ಎಡವುತ್ತಾರೆ. ಕೈಯಲ್ಲೇ ಲೆಕ್ಕ ಹಾಕುವವರಿಗೆ ಇನ್ನೊಂದು ಮಾತು: ಹೊಡೆಯುವ ಜೀವಿಯ ಹೊಡೆತದ ಸ್ಟ್ಯಾಟ್, ಎದುರಾಳಿಯ ತಡೆಯುವ ಸ್ಟ್ಯಾಟ್ ಎರಡರಲ್ಲಿ ಯಾವುದೇ ಒಂದು 255 ದಾಟಿದರೆ ಆಟ ಎರಡನ್ನೂ ನಾಲ್ಕರಿಂದ ಭಾಗಿಸಿ ಶೇಷ ಬಿಟ್ಟುಬಿಡುತ್ತದೆ. ಅದನ್ನು ಮರೆತರೆ ಉತ್ತರ ಒಂದೆರಡು ಅಂಕಿ ಆಚೀಚೆ ಹೋಗುತ್ತದೆ, ಒಂದು ಎಚ್‌ಪಿಯಲ್ಲಿ ಬದುಕಿತೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ ಅದೇ ದೊಡ್ಡದು.

ಎರಡನೇ ಹಾಳೆಯಲ್ಲಿ ಪಟ್ಟಿಗೆ ಆರಿಸಿದ ಹನ್ನೆರಡು ಜೀವಿಗಳು ಅಡ್ಡಕ್ಕೂ ಉದ್ದಕ್ಕೂ. ಪ್ರತಿ ಚೌಕದಲ್ಲಿ ಕನಿಷ್ಠ ಮತ್ತು ಗರಿಷ್ಠ ಡ್ಯಾಮೇಜ್. ಟಾರೋಸ್ ಯಾಕೆ ಮೇಲೆ ಎಂಬುದು ಅದರ ಸಾಲನ್ನು ಓದಿದ ಕೂಡಲೇ ತಿಳಿಯುತ್ತದೆ. ಅದರ ಬಾಡಿ ಸ್ಲ್ಯಾಮ್ ಚಾನ್ಸಿಗೆ 251ರಿಂದ 295, ಹೈಪರ್ ಬೀಮ್ 442ರಿಂದ 520. ಚಾನ್ಸಿಯ ಎಚ್‌ಪಿ 703. ಎರಡೂ ಏಟು ಕನಿಷ್ಠಕ್ಕೇ ಬಿದ್ದರೆ 693, ಹತ್ತು ಉಳಿಯುತ್ತದೆ. ಉಳಿದಂತೆ ಹೆಚ್ಚುಕಡಿಮೆ ಎಲ್ಲ ರೋಲ್‌ಗಳಲ್ಲೂ ಎರಡೇ ಏಟಿಗೆ ಚಾನ್ಸಿ ಮುಗಿಯುತ್ತದೆ. ಮೊದಲ ಪೀಳಿಗೆಯಲ್ಲಿ ಹೈಪರ್ ಬೀಮ್ ಎದುರಾಳಿಯನ್ನು ಕೆಡವಿದರೆ ಮುಂದಿನ ಸರದಿ ಸುಮ್ಮನೆ ಕೂರಬೇಕಾಗಿಲ್ಲ. ಮುಗಿಸುವ ಏಟಿಗೆ ಬೆಲೆಯೇ ತೆರಬೇಕಾಗಿಲ್ಲ ಎಂದಾಯಿತು.

ಆ ಚೌಕಗಳಲ್ಲಿ ಕಾಣಿಸದೆ ಇರುವುದು ಕ್ರಿಟಿಕಲ್. ಇಲ್ಲಿ ಅದರ ಸಾಧ್ಯತೆ ಬೇಸ್ ಸ್ಪೀಡ್‌ನಿಂದ ಬರುತ್ತದೆ: ಅದರ ಅರ್ಧವನ್ನು 256ರಿಂದ ಭಾಗಿಸಬೇಕು. ಟಾರೋಸ್‌ಗೆ 256ರಲ್ಲಿ 55, ಅಂದರೆ ಶೇ. 21.5. ಸ್ನಾರ್ಲ್ಯಾಕ್ಸ್‌ಗೆ 15, ಶೇ. 6ರಷ್ಟೂ ಇಲ್ಲ. ಟಾರೋಸ್ ನಾಲ್ಕು ಸಲ ಹೊಡೆದರೆ ಒಂದಾದರೂ ಕ್ರಿಟಿಕಲ್ ಬೀಳುವ ಸಾಧ್ಯತೆ ಶೇ. 62. ಟಾರೋಸ್ ಎದುರು ಟಾರೋಸ್ ಇದ್ದಾಗ ಬಾಡಿ ಸ್ಲ್ಯಾಮ್ ಸಾಮಾನ್ಯವಾಗಿ 95ರಿಂದ 112, ಕ್ರಿಟಿಕಲ್ ಆದರೆ 184ರಿಂದ 217. ಎದುರಾಳಿಯ ರಿಫ್ಲೆಕ್ಟ್ (ಡಿಫೆನ್ಸ್ ಹೆಚ್ಚಿಸುವ ಮೂವ್) ಕೂಡ ಅದಕ್ಕೆ ಅಡ್ಡ ಬರುವುದಿಲ್ಲ. ಸ್ಪೀಡ್ ಇಲ್ಲಿ ಎರಡು ಕೆಲಸ (ಮೊದಲು ಹೊಡೆಯುವುದು, ಕ್ರಿಟಿಕಲ್ ತರುವುದು) ಮಾಡುತ್ತದೆ ಎಂಬುದನ್ನು ಪಟ್ಟಿಯಲ್ಲಿ ಹಿಡಿಯದಿದ್ದರೆ ನಿಧಾನದ ಜೀವಿಗಳೆಲ್ಲ ಇರುವುದಕ್ಕಿಂತ ಮೇಲೆ ಹೋಗಿ ಕೂರುತ್ತವೆ. ನಮ್ಮ ಮೊದಲ ಕರಡಿನಲ್ಲಿ ರೈಡನ್ ಹಾಗೆಯೇ ಮೇಲೇರಿತ್ತು.

ಇನ್ನು ಚಾನ್ಸಿ. ಅಟ್ಯಾಕ್ ಬೇಸ್ 5, ಡಿಫೆನ್ಸ್ ಬೇಸ್ 5. ಎರಡು ಏಟಿಗೆ ಟಾರೋಸ್ ಅದನ್ನು ಮುಗಿಸುತ್ತದೆ ಎಂದು ಈಗಷ್ಟೇ ಬರೆದೆ. ಆದರೂ ಅದು ಮೊದಲ ಸಾಲಿನಲ್ಲೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಪಟ್ಟಿಗೆ ನಾವಿಟ್ಟ ಅಳತೆ ಇದು: ಈ ಜೀವಿಯನ್ನು ತಂಡದಿಂದ ತೆಗೆದರೆ ಏನು ಕುಸಿಯುತ್ತದೆ, ಆ ಜಾಗವನ್ನು ಇನ್ನು ಯಾರು ತುಂಬಬಲ್ಲರು? ಚಾನ್ಸಿಗೆ ಸ್ಟಾರ್ಮಿಯ ಬ್ಲಿಝರ್ಡ್ 83ರಿಂದ 98, ಅಲಕಜಾಮ್‌ನ ಸೈಕಿಕ್ 117ರಿಂದ 138. ಚಾನ್ಸಿಯ ಸಾಫ್ಟ್‌ಬಾಯಿಲ್ಡ್ ಎಂಬ ಮೂವ್ ಒಂದು ಸಲಕ್ಕೆ 351 ಎಚ್‌ಪಿ ತುಂಬಿಸುತ್ತದೆ. ಹೆಚ್ಚುಕಡಿಮೆ ಮೂರು ಏಟಿನ ನಷ್ಟ ಒಂದೇ ಸರದಿಯಲ್ಲಿ ವಾಪಸ್. ಚಾನ್ಸಿಯನ್ನು ತೆಗೆದು ನೋಡಿ, ಎದುರಿನ ಸ್ಪೆಷಲ್ ಹೊಡೆತಗಾರರೆಲ್ಲ ನಿಮ್ಮ ತಂಡದ ನಡುವೆ ರಾಜಾರೋಷವಾಗಿ ಓಡಾಡುತ್ತವೆ. ಆ ಜಾಗಕ್ಕೆ ಇನ್ನೊಂದು ಜೀವಿ ಇಲ್ಲ.

ಅದೇ ಅಳತೆಯಿಂದ ಎಕ್ಸೆಗ್ಯುಟರ್ ಮೇಲೆ ಬರುತ್ತದೆ. ಡ್ಯಾಮೇಜ್ ಹಾಳೆಯಲ್ಲಿ ಅದು ಸಾಧಾರಣ. ಆದರೆ ಮಲಗಿಸುವ ಸ್ಲೀಪ್ ಪೌಡರ್, ಪಾರ್ಶ್ವವಾಯು ತರುವ ಸ್ಟನ್ ಸ್ಪೋರ್, ಹೊಡೆಯುವ ಸೈಕಿಕ್, ತಾನೇ ಸಿಡಿದು ಹೊಡೆಯುವ ಎಕ್ಸ್‌ಪ್ಲೋಷನ್ ನಾಲ್ಕೂ ಒಂದರಲ್ಲೇ ಸಿಗುವುದು ದೊಡ್ಡ ಮಾತು. ಈ ಪೀಳಿಗೆಯಲ್ಲಿ ಎಚ್ಚರವಾಗುವ ಸರದಿಯೂ ವ್ಯರ್ಥ, ಆದ್ದರಿಂದ ಎದುರಾಳಿ ಹೊಡೆಯುವ ಮೊದಲೇ ಮತ್ತೆ ಮಲಗಿಸಬಹುದು. ಕೊನೆಗೆ ಎಕ್ಸ್‌ಪ್ಲೋಷನ್ ಎದುರಿನ ಡಿಫೆನ್ಸ್ ಅನ್ನು ಅರ್ಧ ಮಾಡಿ ಹೊಡೆಯುತ್ತದೆ: ಸ್ಟಾರ್ಮಿಯ 323ರಲ್ಲಿ 266ರಿಂದ 313.

ಮೂರನೇ ಹಾಳೆ ಪಾರ್ಶ್ವವಾಯುವಿಗೆ. ಥಂಡರ್ ವೇವ್ ತಗುಲಿದ ಜೀವಿಯ ಸ್ಪೀಡ್ ಕಾಲು ಭಾಗಕ್ಕೆ ಇಳಿಯುತ್ತದೆ, ನಾಲ್ಕರಲ್ಲಿ ಒಂದು ಸರದಿ ಹೋಗಿಯೇ ಬಿಡುತ್ತದೆ. ಟಾರೋಸ್‌ನ 318 ಆಗ 79, ಸ್ನಾರ್ಲ್ಯಾಕ್ಸ್ ಕೂಡ 158ರಲ್ಲಿ ಅದನ್ನು ಹಿಂದೆ ಹಾಕುತ್ತದೆ. ಹಾಗಾಗಿ ಪ್ರತಿ ಜೀವಿಗೂ ಎರಡು ಅಂಕ ಕೊಟ್ಟೆವು, ಆರೋಗ್ಯವಾಗಿದ್ದಾಗ ಒಂದು, ತಗುಲಿದ ಮೇಲೆ ಒಂದು. ಚಾನ್ಸಿ, ಸ್ನಾರ್ಲ್ಯಾಕ್ಸ್‌ಗಳಿಗೆ ಈ ಎರಡು ಅಂಕಗಳ ನಡುವೆ ಅಂತರ ಕಡಿಮೆ, ಅವು ಮೊದಲಿನಿಂದಲೂ ನಿಧಾನ. ಅಲಕಜಾಮ್ ಬಹಳ ಕಳೆದುಕೊಳ್ಳುತ್ತದೆ. ಕ್ರಿಟಿಕಲ್ ಬೇಸ್ ಸ್ಪೀಡ್‌ನಿಂದ ಬರುವುದರಿಂದ ಟಾರೋಸ್‌ನ ಶೇ. 21.5 ಮಾತ್ರ ಹಾಗೆಯೇ ಉಳಿಯುತ್ತದೆ. ನಾರ್ಮಲ್ ಜೀವಿಗಳಿಗೆ ಬಾಡಿ ಸ್ಲ್ಯಾಮ್‌ನಿಂದ ಪಾರ್ಶ್ವವಾಯು ಬರುವುದಿಲ್ಲ. ಟಾರೋಸ್, ಸ್ನಾರ್ಲ್ಯಾಕ್ಸ್, ಚಾನ್ಸಿ ಮೂರೂ ನಾರ್ಮಲ್ ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು.

ನಡುವಿನ ಸಾಲು ಕಷ್ಟದ್ದು. ಕೋಳಿ ಅಂಕಕ್ಕೆ ಕುಕ್ಕುಟ ಪಂಚಾಂಗ ನೋಡುವವರು ಯಾವ ದಿನ ಯಾವ ಬಣ್ಣದ ಹುಂಜ ಯಾವ ಬಣ್ಣವನ್ನು ಗೆಲ್ಲುತ್ತದೆ ಎಂದು ಹುಡುಕುವ ಹಾಗೆ, ಇಲ್ಲಿ ಯಾರ ಎದುರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜ್ಯಾಪ್ಡೋಸ್‌ನ ಥಂಡರ್‌ಬೋಲ್ಟ್ ರೈಡನ್‌ಗೆ ಸೊನ್ನೆ, ಡ್ರಿಲ್ ಪೆಕ್ ಹೊಡೆದರೂ ಶೇ. 10ರ ಆಸುಪಾಸು. ಅದನ್ನು ನೋಡಿ ರೈಡನ್ ಮೇಲೆ ಎನ್ನುವ ಹಾಗಿಲ್ಲ. ಟಾರೋಸ್‌ನ ಬಾಡಿ ಸ್ಲ್ಯಾಮ್ ರೈಡನ್‌ಗೆ 40ರಿಂದ 48 ಮಾತ್ರ, ಆದರೆ ಅದೇ ಟಾರೋಸ್ ಬ್ಲಿಝರ್ಡ್ ಹೊಡೆದರೆ 219ರಿಂದ 258, ಎರಡು ಏಟಿಗೆ 413 ಖಾಲಿ. ಸ್ಟಾರ್ಮಿ ಸರ್ಫ್ ಇಟ್ಟುಕೊಂಡಿದ್ದರಂತೂ ಒಂದೇ ಏಟು, ಕನಿಷ್ಠವೇ 646. ಒಂದು ಜೀವಿಯ ಎದುರು ನಾಲ್ಕೂ ಮೂವ್‌ಗಳನ್ನು ಹಾಕಿ ನೋಡದೆ “ತಡೆಯುತ್ತದೆ” ಎಂದು ಬರೆಯಬಾರದು.

ಲೆಕ್ಕ ಮುಗಿದ ಮೇಲೆ ಆಡಿ ನೋಡುವುದು. ಹನ್ನೆರಡು ಜೀವಿಗಳಿಗೆ 66 ಜೋಡಿ, ಜೋಡಿಗೆ 20 ಆಟ ಎಂದರೂ 1,320. ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡದೆ ಕೂತರೂ ಮುಗಿಯುವ ಮಾತಲ್ಲ. ಅದಕ್ಕೆ ಟಾರೋಸ್, ಸ್ನಾರ್ಲ್ಯಾಕ್ಸ್, ಚಾನ್ಸಿ, ಎಕ್ಸೆಗ್ಯುಟರ್, ಸ್ಟಾರ್ಮಿ ಐದನ್ನು ಹಾಗೆಯೇ ಇಟ್ಟು ಆರನೆಯ ಜಾಗವನ್ನು ಮಾತ್ರ ಬದಲಿಸಿದೆವು. ಎರಡೂ ಕಡೆ ಅದೇ ಐದು, ಅದೇ ಮೂವ್‌ಗಳು. ಹತ್ತು ಆಟದ ನಂತರ ಆಡುವವರು ತಂಡ ಅದಲುಬದಲು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅಳೆದದ್ದು ಜೀವಿಯನ್ನೋ ಆಡುವವರ ಕೈಯನ್ನೋ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ವೈಫೈ ಬಿದ್ದೇ ಬೀಳುತ್ತದೆ. ಟೈಮರ್ ಒತ್ತಬೇಡಿ, ಮೊಬೈಲ್ ಹಾಟ್‌ಸ್ಪಾಟ್ ಸಿದ್ಧ ಇಟ್ಟುಕೊಳ್ಳಿ, ಅರ್ಧಕ್ಕೆ ನಿಂತ ಆಟವನ್ನು ಲೆಕ್ಕಕ್ಕೆ ಹಿಡಿಯಬೇಡಿ.

20 ಆಟದಲ್ಲಿ 11–9 ಬಂದರೆ ಏನೂ ಸಾಬೀತಾಗುವುದಿಲ್ಲ. ಸಮಬಲರ ನಡುವೆಯೂ 20 ಆಟದ ಫಲಿತಾಂಶ ಶೇ. 22ರಷ್ಟು ಆಚೀಚೆ ಹೋಗಬಹುದು, 100 ಆಟಕ್ಕೆ ಅದು ಶೇ. 10ಕ್ಕೆ ಇಳಿಯುತ್ತದೆ. ಅದಕ್ಕೇ ಗೆಲುವಿನ ಸಂಖ್ಯೆಗಿಂತ ರಿಪ್ಲೇಗೆ ಹೆಚ್ಚು ಬೆಲೆ ಕೊಟ್ಟೆವು. ಪ್ರತಿ ಆಟ ಮುಗಿದ ಕೂಡಲೇ ರಿಪ್ಲೇ ಉಳಿಸಿ, ಆರನೆಯ ಜೀವಿ ಯಾವುದನ್ನು ಕೆಡವಿತು, ಯಾವುದಕ್ಕೆ ಪಾರ್ಶ್ವವಾಯು ತಗುಲಿಸಿತು, ಏನೂ ಮಾಡದೆ ಬಿತ್ತೇ ಎಂದು ಒಂದು ಸಾಲು ಬರೆದಿಟ್ಟೆವು.

ರಿಪ್ಲೇ ಓದುವಾಗ ಒಂದು ದೋಷ ತಿಳಿದಿರಬೇಕು. ಕಳೆದುಕೊಂಡ ಎಚ್‌ಪಿ ಸರಿಯಾಗಿ 255 ಅಥವಾ 511 ಇದ್ದರೆ ಎಚ್‌ಪಿ ತುಂಬಿಸುವ ಸಾಫ್ಟ್‌ಬಾಯಿಲ್ಡ್, ರಿಕವರ್, ರೆಸ್ಟ್ ಮೂರೂ ವಿಫಲ. ಇದು ಮೂಲ ಆಟದ ಕೋಡಿನ ತಪ್ಪು, ಶೋಡೌನ್‌ನಲ್ಲೂ ಹಾಗೆಯೇ ಇದೆ. ಉಳಿದ ಎಚ್‌ಪಿಯಲ್ಲಿ ಹೇಳುವುದಾದರೆ ಚಾನ್ಸಿಗೆ ಆ ಅಂಕಿಗಳು 448 ಮತ್ತು 192, ಸ್ನಾರ್ಲ್ಯಾಕ್ಸ್‌ಗೆ 268 ಮತ್ತು 12, ಸ್ಟಾರ್ಮಿಗೆ 68, ಅಲಕಜಾಮ್‌ಗೆ 58. ಇವನ್ನು ಚೀಟಿಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿ.

ಆಟದ ಶುರುವಿಗೇ ಕಣಕ್ಕೆ ಇಳಿಯುವ ಜೀವಿಗಳಿಗೆ ಕನೆಹಲಗೆಯಂತೆ ಬೇರೆಯೇ ವಿಭಾಗ ಬೇಕು. ಎದುರಾಳಿಯನ್ನು ಮಲಗಿಸುವ ಮೂವ್‌ಗಳಲ್ಲಿ ಜಿಂಕ್ಸ್‌ನ ಲವ್ಲಿ ಕಿಸ್ ನಾಲ್ಕರಲ್ಲಿ ಮೂರು ಸಲ ತಾಗುತ್ತದೆ, ಗೆಂಗಾರ್‌ನ ಹಿಪ್ನಾಸಿಸ್ ಶೇ. 60 ಮಾತ್ರ. ಆದರೆ ಗೆಂಗಾರ್‌ನ ಸ್ಪೀಡ್ 318, ಜಿಂಕ್ಸ್‌ದು 288. 338ರ ಅಲಕಜಾಮ್ ಇಬ್ಬರಿಗಿಂತ ಮೊದಲು ಥಂಡರ್ ವೇವ್ ಹಾಕುತ್ತದೆ. ಮೊದಲ ಸರದಿಯಲ್ಲಿ ಇಷ್ಟು ಮುಖ್ಯವಾದ ಜಿಂಕ್ಸ್, ಹದಿನೈದನೇ ಸರದಿಯಲ್ಲಿ ಟಾರೋಸ್ ಎದುರು ಡಿಫೆನ್ಸ್ 168 ಹಿಡಿದು ನಿಂತರೆ ಉಳಿಯುವುದಿಲ್ಲ. ಎರಡನ್ನೂ ಒಂದೇ ಅಂಕಕ್ಕೆ ಅದುಮಿದರೆ ಪಟ್ಟಿ ಸುಳ್ಳು ಹೇಳುತ್ತದೆ.

ಬಳಕೆಯ ಅಂಕಿಅಂಶವನ್ನು ಕೊನೆಗೆ ತೆರೆದೆವು, ಮೊದಲೇ ನೋಡಿದರೆ ಕಣ್ಣು ಅದಕ್ಕೇ ವಾಲುತ್ತದೆ. ಈಗಿನ ಪೀಳಿಗೆಗಳಲ್ಲಿ ಜೀವಿಗಳನ್ನು ದರ್ಜೆಗಳಾಗಿ ವಿಂಗಡಿಸುವ ಸ್ಮೊಗನ್ ಜಾಲತಾಣದವರು ಮೇಲಿನ ದರ್ಜೆಗೆ ಇಟ್ಟ ಗೆರೆ ಶೇ. 4.52 ಬಳಕೆ. 15 ಆಟ ಆಡಿದರೆ ಒಮ್ಮೆಯಾದರೂ ಆ ಜೀವಿ ಎದುರಾಗುವ ಸಾಧ್ಯತೆ ಅರ್ಧ ಎಂಬುದೇ ಅದರ ಲೆಕ್ಕ. ಅದು ಜನ ಎಷ್ಟು ಬಳಸುತ್ತಾರೆ ಎಂದು ಹೇಳುತ್ತದೆ, ಬಲ ಎಷ್ಟು ಎಂದು ಹೇಳುವುದಿಲ್ಲ. ನಮ್ಮ ಪಟ್ಟಿಯೂ ಬಳಕೆಯೂ ಬೇರೆಯಾದ ಕಡೆಯಲ್ಲೆಲ್ಲ ಹಾಳೆಗೆ ಮರಳಿ ಕಾರಣ ಹುಡುಕಿದೆವು.

ಈಗ ನಮ್ಮಲ್ಲಿ ನಿಂತಿರುವ ಕ್ರಮ: ಟಾರೋಸ್, ಸ್ನಾರ್ಲ್ಯಾಕ್ಸ್, ಚಾನ್ಸಿ ಮೊದಲ ಸಾಲು. ಎಕ್ಸೆಗ್ಯುಟರ್, ಸ್ಟಾರ್ಮಿ, ಅಲಕಜಾಮ್ ಎರಡನೆಯದು. ಜ್ಯಾಪ್ಡೋಸ್, ರೈಡನ್, ಜಿಂಕ್ಸ್ ಮೂರನೆಯದು. ಲ್ಯಾಪ್ರಾಸ್, ಗೆಂಗಾರ್, ಜೋಲ್ಟಿಯಾನ್ ನಾಲ್ಕನೆಯದು. ಸಾಲಿನೊಳಗೆ ಮೇಲೆಕೆಳಗೆ ಮಾಡಿಲ್ಲ, ಅಷ್ಟು ಸೂಕ್ಷ್ಮ ಹೇಳುವಷ್ಟು ಆಟ ನಮ್ಮ ಕೈಯಲ್ಲಿಲ್ಲ. ಅಲಕಜಾಮ್ ಮತ್ತು ಜ್ಯಾಪ್ಡೋಸ್ ನಡುವಿನ ಗೆರೆಗೆ ನಮ್ಮಲ್ಲಿ ಇಬ್ಬರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ, ಆ ಜೋಡಿಗೆ 100 ಆಟ ತುಂಬಿಸುವ ಕೆಲಸ ಈಗ ನಡೆದಿದೆ.