ಮುಖಕ್ಕೆ ಮಣ್ಣಿನ ಪ್ಯಾಕ್: ಸುರಕ್ಷಿತವಾಗಿ ಹಚ್ಚುವುದು ಹೇಗೆ?

ಮಣ್ಣು ನೈಸರ್ಗಿಕ, ಅದರಿಂದ ಏನು ತೊಂದರೆ ಅಂತ ತುಂಬಾ ಜನ ಕೇಳುತ್ತಾರೆ. ಸೀಸ, ಆರ್ಸೆನಿಕ್ ಅನ್ನೋ ವಿಷಗಳೂ ನೈಸರ್ಗಿಕವೇ ಅಲ್ವಾ? ಮಣ್ಣಿನ ಜೊತೆಗೇ ಅವೂ ನೆಲದಿಂದ ಬರುತ್ತವೆ. ಹಾಗಂತ ಹೆದರಬೇಕಾಗಿಲ್ಲ. ಚೆನ್ನಾಗಿ ಶುದ್ಧ ಮಾಡಿದ ಜೇಡಿಮಣ್ಣು ಆರೋಗ್ಯವಾಗಿರುವ ಚರ್ಮಕ್ಕೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅದು ಮೂಗು, ಬಾಯಿ, ಗಾಯದ ಮೂಲಕ ಮೈಯೊಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು.

ಮೊದಲು ಲೇಬಲ್ ನೋಡಿ. ಸೌಂದರ್ಯವರ್ಧಕಕ್ಕೆಂದೇ ತಯಾರಿಸಿದ ಪುಡಿಯನ್ನು ಮಾತ್ರ ಕೊಳ್ಳಿ. ಕುಂಬಾರಿಕೆಗೆ ಮಾರುವ ಮಣ್ಣು ಬೇಡ. ಮೈಗೆ ಹಚ್ಚುವ ಸೌಂದರ್ಯವರ್ಧಕಗಳಲ್ಲಿ ಕಲ್ಮಶವಾಗಿ ಸೇರಿಕೊಳ್ಳುವ ಸೀಸಕ್ಕೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸೂಚಿಸಿರುವ ಮಿತಿ 10 ಪಿಪಿಎಂ, ಅಂದರೆ ಕಿಲೋಗೆ 10 ಮಿಲಿಗ್ರಾಂ. ಸೀಸದ ಪರೀಕ್ಷೆ ಮಾಡಿಸಿದ್ದೀರಾ ಅಂತ ತಯಾರಕರನ್ನು ಧಾರಾಳವಾಗಿ ಕೇಳಿ.

ಚರ್ಮ ಸೂಕ್ಷ್ಮವಾಗಿದ್ದರೆ ಕೇಯೊಲಿನ್ ಎಂಬ ಮೃದುವಾದ ಬಿಳಿ ಜೇಡಿಮಣ್ಣು ಒಳ್ಳೆಯದು. ಬೆಂಟೊನೈಟ್ ಎಂಬ ಇನ್ನೊಂದು ಬಗೆಯ ಜೇಡಿಮಣ್ಣು ಎಣ್ಣೆಯನ್ನು ಜಾಸ್ತಿ ಹೀರುತ್ತದೆ, ಕ್ಷಾರದ ಗುಣವೂ ಹೆಚ್ಚು. ಯಾವುದೇ ಆಗಲಿ, ಮೊದಲು ಮೊಣಕೈ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ತೊಳೆದು ಒಂದು ದಿನ ಕಾಯಿರಿ.

ಕಲಸುವಾಗಲೇ ಹೆಚ್ಚು ಎಚ್ಚರ ಬೇಕು. ಪುಡಿಯ ಮೇಲೆ ನೀರು ಸುರಿದರೆ ಧೂಳು ಏಳುತ್ತದೆ. ಆ ಧೂಳಿನಲ್ಲಿ ಮರಳಿನಲ್ಲಿರುವ ಕ್ವಾರ್ಟ್ಜ್ ಎಂಬ ಖನಿಜ ಇರಬಹುದು. ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಹಾಳಾಗುತ್ತದೆ. ಆದ್ದರಿಂದ ಬಟ್ಟಲಿಗೆ ಮೊದಲು ನೀರು ಹಾಕಿ. ಚಮಚವನ್ನು ನೀರಿಗೆ ತಾಗುವಷ್ಟು ತಗ್ಗಿಸಿ ಪುಡಿ ಉದುರಿಸಿ. ಕಲಕುವ ಆತುರ ಬೇಡ. ಪುಡಿ ತಾನಾಗಿ ನೆನೆದು ಕೆಳಗಿಳಿಯುತ್ತದೆ, ಬೆಂಟೊನೈಟ್ ಆದರೆ ಉಬ್ಬುತ್ತದೆ. ಆಮೇಲೆ ಕಲಸಿದರೆ ಗಂಟೂ ಆಗುವುದಿಲ್ಲ. ಟಾಲ್ಕ್ (ಮುಖದ ಪೌಡರ್‌ಗಳಲ್ಲಿ ಬಳಸುವ ಮೆತ್ತನೆಯ ಖನಿಜ) ಇರುವ ಪುಡಿಯನ್ನಂತೂ ಬಿಟ್ಟುಬಿಡುವುದೇ ವಾಸಿ ಅಂತ ನನ್ನ ಅಭಿಪ್ರಾಯ. ನೆಲದಡಿ ಟಾಲ್ಕ್ ಇರುವ ಕಡೆ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜ ಕೂಡ ಇರಬಹುದು. ಅದಲ್ಲದೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಟಾಲ್ಕನ್ನೇ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿದೆ.

ಕಣ್ಣು, ತುಟಿ ಬಿಟ್ಟು ತೆಳ್ಳಗೆ ಹಚ್ಚಿ. ಗಾಯ, ಒಡೆದ ಮೊಡವೆ ಇದ್ದರೆ ಅಲ್ಲಿಗೆ ಬೇಡವೇ ಬೇಡ. ಶುದ್ಧವಾಗದ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣು ಇರಬಹುದು.

ಪೂರ್ತಿ ಒಣಗಿ ಬಿರುಕು ಬಿಡುವ ತನಕ ಕಾಯುವವರೇ ಜಾಸ್ತಿ. ಹಾಗೆ ಮಾಡಿದರೆ ಚರ್ಮ ಒಣಗಿ ಉರಿಯುತ್ತದೆ. ಅಂಚು ಬಿಳಿಚಿಕೊಂಡು ನಡುವೆ ಇನ್ನೂ ತೇವ ಇರುವಾಗಲೇ, ಸುಮಾರು 10 ನಿಮಿಷಕ್ಕೆ, ಒದ್ದೆ ಬಟ್ಟೆಯಿಂದ ಒರೆಸಿ. ಕೆರೆದು ತೆಗೆಯಬೇಡಿ, ಪುಡಿ ಮತ್ತೆ ಮೂಗಿಗೇ ಬರುತ್ತದೆ. ತೊಳೆದ ಮೇಲೆ ಮಾಯಿಶ್ಚರೈಸರ್ ಹಚ್ಚಿ.

ಉಳಿದ ಪ್ಯಾಕ್ ಎತ್ತಿಡಬೇಡಿ, ನೀರು ಸೇರಿದ ಮೇಲೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಒಣ ಪುಡಿಯ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಸೀಸ ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ.