ಬಟ್ಟಲು ತುಂಬಿತ್ತು, ಹಕ್ಕಿಗಳು ಹಸಿದಿದ್ದವು

ನಮ್ಮ ಕಡೆ ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಗಿಳಿಗಳನ್ನು. (ನಮ್ಮದೇ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾರು ಕೊಟ್ಟರೂ ತರಬೇಡಿ.) ಒಂದು ಹಸಿರು, ಒಂದು ನೀಲಿ ತಂದೆವು. ಗುಂಡನೆಯ ಪಂಜರವನ್ನು ನಡುಮನೆಯಲ್ಲಿ, ಫ್ಯಾನಿನ ಹತ್ತಿರ ತೂಗುಹಾಕಿದ್ದೆ. ಎರಡೂ ಗರಿ ಉಬ್ಬಿಸಿ, ಒಂದಕ್ಕೊಂದು ಒತ್ತಿಕೊಂಡು ಕೂತವು. ಸದ್ದೇ ಇಲ್ಲ. ರಾತ್ರಿಯಿಡೀ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಎರಡೂವರೆ ಅಡಿ ಉದ್ದದ ಪಂಜರ ತಂದೆ. ಸರಳುಗಳ ನಡುವೆ ಅರ್ಧ ಇಂಚಷ್ಟೇ ಜಾಗ. ಅದನ್ನು ಗೋಡೆಗೆ ಒತ್ತಿ ಕಣ್ಣೆತ್ತರದಲ್ಲಿಟ್ಟು, ಹಿಂದೆ ಮತ್ತು ಒಂದು ಪಕ್ಕಕ್ಕೆ ಹಳೇ ಹತ್ತಿ ಸೀರೆ ಹೊದಿಸಿದೆ. ಪ್ಲಾಸ್ಟಿಕ್ ಕೋಲಿನ ಬದಲು ಸೀಬೆ ಕೊಂಬೆ. ಅಡುಗೆಮನೆಯಿಂದಂತೂ ದೂರ: ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಆವಿ ಹಕ್ಕಿಗಳ ಪ್ರಾಣವನ್ನೇ ತೆಗೆಯುತ್ತದೆ.

ಮೂರನೇ ದಿನ ಚಿಲಿಪಿಲಿ ಶುರುವಾಯಿತು. ಐದನೇ ದಿನ ಮತ್ತೆ ಮಂಕು. ಬಟ್ಟಲಲ್ಲಿ ನವಣೆ ತುಂಬಿತ್ತಲ್ಲ, ಇನ್ನೇನು ಕಾಯಿಲೆಯೋ ಎಂದು ಗಾಬರಿಯಾದೆ. ಅಮ್ಮ ಬಂದು, "ಒಂದ್ಸಲ ಊದಿ ನೋಡೋ" ಅಂದರು. ಊದಿದರೆ ಎಲ್ಲ ಹಾರಿಹೋಯಿತು. ತಳದಲ್ಲಿ ಏಳೆಂಟು ಕಾಳು. ಅವು ಕಾಳು ಸುಲಿದು ತಿಂದು ಸಿಪ್ಪೆಯನ್ನು ಅಲ್ಲೇ ಬಿಡುತ್ತವೆ, ಹಾಗಾಗಿ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಪಾಪ, ಎಷ್ಟು ಹೊತ್ತಿನಿಂದ ಹಸಿದಿದ್ದವೋ.

ಈಗ ಬೆಳಿಗ್ಗೆ, ಸಂಜೆ ಸಿಪ್ಪೆ ಊದಿ ಹೊಸ ಕಾಳು ಹಾಕುತ್ತೇನೆ. ಒಂದು ನವಣೆ ತೆನೆಯನ್ನೂ ಕೊಂಬೆಗೆ ಕಟ್ಟಿದ್ದೇನೆ. ನೀಲಿಯದು ತಲೆಕೆಳಗಾಗಿ ಜೋತುಬಿದ್ದು ಅದನ್ನೇ ಬಿಡಿಸುತ್ತಿರುತ್ತದೆ.