ಕೆಲಸ ಬಿಡುವ ಮೊದಲು ನಾಲ್ಕು ವಾರ ಬರೆದಿಡಿ

ನಾನು ಪ್ರಿಂಟಿಂಗ್ ಪ್ರೆಸ್ ಬಿಟ್ಟಾಗ ವಯಸ್ಸು 58. 56ಕ್ಕೇ ಬಿಡಬೇಕು ಅಂತಿದ್ದೆ. 'ಬೇಗ ಬಿಟ್ಟರೆ ಆಯಸ್ಸು ಜಾಸ್ತಿ' ಅಂದರು ಕೆಲವರು. 'ಮನೇಲಿ ಕೂತರೆ ತುಕ್ಕು ಹಿಡೀತೀಯ' ಅಂದರು ಉಳಿದವರು. ನಿನ್ನ ಕೆಲಸ ಎಂಥದು ಅಂತ ಮಾತ್ರ ಯಾರೂ ಕೇಳಲಿಲ್ಲ.

ಮೊದಲು ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮೊದಲು ಐದು ನಿಮಿಷ ಸುಮ್ನೆ ಕೂತು ಬಿ.ಪಿ. ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ರಾತ್ರಿಯೂ ಹಾಗೇ. ಪಕ್ಕದಲ್ಲಿ ಎಷ್ಟು ಗಂಟೆ ನಿದ್ದೆ, ಅವತ್ತು ಡ್ಯೂಟಿಯೋ ರಜೆಯೋ ಅಂತ ಬರೆಯಿರಿ. ರಜೆಯ ಎರಡನೇ ದಿನ 132 ಇರುತ್ತಿದ್ದ ನನ್ನ ಬಿ.ಪಿ. ಡ್ಯೂಟಿ ದಿನ 150 ದಾಟುತ್ತಿತ್ತು. ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ. ಮಾತ್ರೆಯ ವಿಷಯ ಅವರಿಗೆ ಬಿಡಿ.

ಆಮೇಲೆ ಕೆಲಸವನ್ನು ನೋಡಿ. ದುಡಿಮೆ ಜಾಸ್ತಿ ಅನ್ನುವುದೊಂದನ್ನೇ ನೋಡಬೇಡಿ. ದುಡಿಮೆಯೂ ಜಾಸ್ತಿ, ಅದನ್ನು ಹೇಗೆ ಮಾಡಬೇಕು ಅನ್ನುವುದರಲ್ಲಿ ನಮ್ಮ ಮಾತೂ ನಡೆಯದು ಅಂದಾಗ ಮನಸ್ಸಿಗೆ ಒತ್ತಡ ಜಾಸ್ತಿ ಅಂತ, ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲೇ ಬರೆದಿದ್ದರು. ನಮ್ಮಲ್ಲಿ ಮಷೀನಿನ ಸ್ಪೀಡು ಮೇಲಿನವರು ಇಟ್ಟಿದ್ದು. ಬಾತ್‌ರೂಮಿಗೆ ಹೋಗಬೇಕಾದರೂ ಇನ್ನೊಬ್ಬ ಬಂದು ನನ್ನ ಜಾಗದಲ್ಲಿ ನಿಲ್ಲಬೇಕು. ಅವನು ಬರುವವರೆಗೆ ತಡೆದುಕೊಂಡು, ಶೀಟು ಎಣಿಸುತ್ತಾ ನಿಲ್ಲುತ್ತಿದ್ದೆ. ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದೆ! ನಿಮ್ಮ ಕೆಲಸದಲ್ಲೂ ಇಂಥದ್ದೇನಾದರೂ ಇದ್ದರೆ ನೋಟ್‌ಬುಕ್‌ನಲ್ಲಿ ಹಾಕಿ. ನಾಚಿಕೆ ಬೇಡ.

ರಾಜೀನಾಮೆಗೆ ಮುಂಚೆ ಒಂದು ಬದಲಾವಣೆ ಕೇಳಿ ನೋಡಿ. ಒಂದೇ ಒಂದು. ನಾನು ರಾತ್ರಿ ಪಾಳಿ ತಪ್ಪಿಸಿ ಅಂದೆ. ಮೂರು ಸಲ ಕೇಳಿದ ಮೇಲೆ ಒಪ್ಪಿದರು. ನಿದ್ದೆ ನಾಲ್ಕು ಗಂಟೆಯಿಂದ ಆರಕ್ಕೆ ಬಂತು. 56ರಿಂದ 58ರವರೆಗೆ ಎಳೆದಿದ್ದು ಅದರಿಂದಲೇ.

'ಬೇಗ ಬಿಟ್ಟವರು ಬೇಗ ಹೋದರು' ಅನ್ನುವ ಮಾತಿಗೆ ಹೆದರಬೇಡಿ. ಎಷ್ಟೋ ಜನ ಬಿಟ್ಟಿದ್ದೇ ಕಾಯಿಲೆಯಿಂದ, ಅಲ್ವಾ?

ಹಾಗಂತ ಬಿಟ್ಟರೆ ಎಲ್ಲ ವಾಸಿ ಅಂತಲೂ ಅಲ್ಲ. ಫ್ರಾನ್ಸಿನ ವಿದ್ಯುತ್ ಮತ್ತು ಗ್ಯಾಸ್ ಕಂಪನಿಯ ನೌಕರರನ್ನು ನಿವೃತ್ತಿಯ ಹಿಂದೆ 7 ವರ್ಷ, ಮುಂದೆ 7 ವರ್ಷ ಗಮನಿಸಿದ್ದಾರೆ. ಸುಸ್ತು, ಮನಸ್ಸಿನ ಕುಗ್ಗು ಇಳಿದವು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ವಯಸ್ಸಿನ ಜತೆ ಏರುತ್ತಲೇ ಹೋದವು. ಅದಕ್ಕೇ ಬಿಟ್ಟ ಮೇಲೂ ನೋಟ್‌ಬುಕ್ ಮುಚ್ಚಬೇಡಿ. ನನಗೆ ಮೂರನೇ ವಾರಕ್ಕೆ ಏಳು ಗಂಟೆ ನಿದ್ದೆ ಬಂತು. ಬಿ.ಪಿ. ಮಾತ್ರೆ ಮಾತ್ರ ಇನ್ನೂ ನಡೆದಿದೆ.